ವೈನಿಯ ಮಗಳ ಫೋಟೊಶೂಟ್

ಬೆಳಗಾವಿಯ ಆಟೋ ನಗರದ ಮಗ್ಗುಲಿನ ನಮ್ಮ ಓಣಿಯಲ್ಲಿ ಹರಟೆ ಹೊಡೆಯುವುದಿದ್ದರೆ ಬೆಳಗಿನ ಒಂಬತ್ತರೊಳಗೆ ಹೊಡೆಯಬೇಕು. ಆಮೇಲೆ ಗ್ಯಾರೇಜುಗಳ ಶಟರ್ ಮೇಲೇಳುತ್ತವೆ. ಒಂದು ಕಡೆ ಟಿಂಕರಿಂಗ್ ಸುತ್ತಿಗೆ, ಇನ್ನೊಂದು ಕಡೆ ವೆಲ್ಡಿಂಗ್ ಚರಚರ. ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ ಮ್ಯಾಚ್ ಇದ್ದರೆ ಅದರ ಗದ್ದಲ ಬೇರೆ. ಹೀಗಾಗಿ ನಾನೂ ಪಕ್ಕದ ಮನೆಯ ವೈನಿಯೂ ನಳದ ನೀರು ನಿಂತ ಮೇಲೆ, ಶಟರ್ ಏಳುವ ಮುಂಚೆ, ದಾಸವಾಳದ ಬೇಲಿಯ ಆಚೆ ಈಚೆ ನಿಂತು ಊರ ಸಮಾಚಾರವನ್ನೆಲ್ಲ ಮುಗಿಸುತ್ತೇವೆ.

ಈ ಸಲದ ಸಮಾಚಾರ ವೈನಿಯ ಮನೆಯದೇ.

“ಅಕ್ಕಾರ, ನಮ್ಮ ಪೋರಿ ಫೋಟೋ ತಗಸ್ಕೊಳ್ಳಾಕ ಹೊಂಟಾಳ್ರಿ. ಖಡೇ ಬಜಾರದಾಗಿನ ಸೀರಿ ಅಂಗಡ್ಯಾವ್ರು ದೀಪಾವಳಿ ಬೋರ್ಡಿಗೆ ಆಕೀನ ಬೇಕಂದಾರ. ಇಳಕಲ್ ಸೀರಿ, ಖಣದ ಕುಪ್ಪಸ, ನಮ್ಮ ಶಹಾಪುರದ ಸೀರಿ, ಎಲ್ಲಾ ಉಡಸ್ತಾರಂತ.”

ಹೇಳುವಾಗ ಮುಖದ ತುಂಬ ಹಿಗ್ಗಿತ್ತು, ಅದರ ಹಿಂದೆಯೇ ಅಳುಕೂ ಇತ್ತು. ಹುಡುಗಿ ಬಿ.ಕಾಂ. ಓದುತ್ತಾಳೆ. ವೈನಿಯ ಗಂಡ, ನಮ್ಮ ಅಣ್ಣಾರು, ಕಾರುಗಳಿಗೆ ಬಣ್ಣ ಹೊಡೆಯುವ ಮಿಸ್ತ್ರಿ. ಈ ಮನೆಯಿಂದ ಕ್ಯಾಮರಾದ ಮುಂದೆ ನಿಂತವರು ಯಾರೂ ಇಲ್ಲ, ಮದುವೆ ಫೋಟೊ ಬಿಟ್ಟರೆ. ನನ್ನನ್ನು ಕೇಳಿದ್ದು ಯಾಕೆಂದರೆ ನಾನು ಹೊಲಿಗೆಯಾಕಿ. ಅಂಗಡಿಗಳ ಜಾಹೀರಾತಿಗೆ ಬ್ಲೌಸ್ ಹೊಲಿದುಕೊಟ್ಟು, ಶೂಟಿನ ದಿನ ಸೀರೆ ಉಡಿಸಲು, ಪಿನ್ನು ಹಾಕಲು ಹೋಗಿ ಬರುವುದು ನನ್ನ ಕೆಲಸದ ಒಂದು ಭಾಗ. ದೀಪದ ಹಿಂದೆ ನಿಂತು ನೋಡಿದ್ದು ಬಹಳ. ಎಷ್ಟೋ ಹೊಸ ಹುಡುಗಿಯರು ಬೇಡದ ತಯಾರಿ ಮಾಡಿಕೊಂಡು ಬಂದು, ಬೇಕಾದ ತಯಾರಿ ಮರೆತು ನಿಂತದ್ದನ್ನು ಕಂಡು ಹೊಟ್ಟೆ ಉರಿದುಕೊಂಡಾಕಿ ನಾನು.

ವೈನಿಯ ಮೊದಲ ಚಿಂತೆ ಜನರ ಬಾಯಿ. “ನಾಕು ಮಂದಿ ಏನಂದಾರು? ನಮ್ಮ ಕಡೆ ಹೆಣ್ಮಕ್ಕಳು ಬೋರ್ಡಿನ ಮ್ಯಾಲೆ ಕುಂಡ್ರೂದು ಹೊಸಾದಲ್ಲೇನ್ರಿ?”

ಹೊಸದಲ್ಲ. ಲೀಲಾ ಚಿಟ್ನಿಸ್ ಹುಟ್ಟಿದ್ದು ಇಲ್ಲೇ ಮಗ್ಗುಲ ಧಾರವಾಡದಲ್ಲಿ. ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಆ ತನಕ ಪರದೇಶದ ನಟಿಯರ ಮುಖಗಳೇ ಬರುತ್ತಿದ್ದವು. 1941ರಲ್ಲಿ ಅದರಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ ಈಕೆ. ಓದಿದ ಹೆಣ್ಣುಮಗಳು. ಗಂಡನಿಂದ ಬೇರೆಯಾಗಿ ನಾಲ್ಕು ಮಕ್ಕಳನ್ನು ದುಡಿದು ಸಾಕಿದಾಕಿ. ಬಾಂಬೆ ಟಾಕೀಸಿನ ‘ಕಂಗನ್’, ‘ಬಂಧನ್’, ‘ಝೂಲಾ’ದಲ್ಲಿ ಅಶೋಕ್ ಕುಮಾರ್ ಜೊತೆ ನಾಯಕಿ, ಮುಂದೆ 1951ರ ‘ಆವಾರಾ’ದಲ್ಲಿ ರಾಜ್ ಕಪೂರ್‌ಗೆ ತಾಯಿ. ಆಕೆಯ ಮುಖ ಲಕ್ಸಿನ ಕಾಗದದ ಮೇಲೆ ಬಂದಾಗ ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳು ಮನೆಯ ಹೊಸ್ತಿಲು ದಾಟಿ ದುಡಿಯಲು ಹೋಗುತ್ತಿದ್ದರು ಹೇಳಿ? ಆಮೇಲೆ ಅದೇ ಧಾರವಾಡದಲ್ಲಿ 1950ರಲ್ಲಿ ಹುಟ್ಟಿದ ಲೀನಾ ಚಂದಾವರ್ಕರ್. ಫಿಲ್ಮ್‌ಫೇರ್ ಪತ್ರಿಕೆಯ ಹೊಸ ಮುಖಗಳ ಸ್ಪರ್ಧೆಯಲ್ಲಿ ಮುಂದೆ ಬಂದು, ಜಾಹೀರಾತುಗಳಲ್ಲಿ ನಿಂತು, ಸುನೀಲ್ ದತ್ ತೆಗೆದ ‘ಮನ್ ಕಾ ಮೀತ್’ದಿಂದ ತೆರೆಗೆ ಬಂದರು. ಇಬ್ಬರದೂ ಫೋಟೊದಿಂದಲೇ ಹಬ್ಬಿದ ಹೆಸರು. ಇದನ್ನು ಹೇಳಿದಾಗ ವೈನಿಯ ಭುಜ ಸ್ವಲ್ಪ ಇಳಿಯಿತು.

“ಹಂಗಾದ್ರ ಇದೊಂದು ಹಚ್ಚೂಣಲ್ರಿ?” ಎಂದು ಸೆರಗಿನ ಗಂಟಿನಿಂದ ಒಂದು ಟ್ಯೂಬು ತೆಗೆದರು. ಹುಡುಗಿಯ ಮೌಶಿ ಕೊಟ್ಟದ್ದಂತೆ. ಹಚ್ಚಿದರೆ ಹಬ್ಬದೊಳಗೆ ಬೆಳ್ಳಗಾಗುತ್ತಾಳಂತೆ.

ಟ್ಯೂಬು ಇಸಿದುಕೊಂಡು ಕನ್ನಡಕ ಏರಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದೆ. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡ್. ಡಾಕ್ಟರು ಒಂದು ರೋಗಕ್ಕೆ, ಕೆಲವು ದಿನದ ಮಟ್ಟಿಗೆ ಬರೆದುಕೊಡುವ ಔಷಧಿ ಇದು. ಮುಖಕ್ಕೆ ದಿನಾ ಬಳಿದುಕೊಳ್ಳುವ ಸ್ನೋ ಅಲ್ಲ. ಮೊದಲ ಕೆಲವು ದಿನ ಮುಖ ತಿಳಿಯಾಗಿ ಕಾಣುತ್ತದೆ, ಎಲ್ಲರೂ ಮೋಸ ಹೋಗುವುದು ಅಲ್ಲಿಯೇ. ಬರಬರುತ್ತ ಚರ್ಮ ತೆಳ್ಳಗಾಗುತ್ತದೆ, ನೆತ್ತರ ನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಗಲ್ಲದ ಮೇಲೆ ಕೂದಲು ಮೂಡುತ್ತದೆ. ಬಿಟ್ಟರೆ ಉರಿ, ಕೆಂಪು. ಹಾಗಾಗಿ ಮತ್ತೆ ಹಚ್ಚಬೇಕು ಅನ್ನಿಸುತ್ತದೆ. ಚರ್ಮರೋಗ ತಜ್ಞರ ಸಂಘದವರು ವರ್ಷಗಟ್ಟಲೆ ಇದರ ಬಗ್ಗೆ ಕೂಗಿ ಹೇಳಿದ ಮೇಲೆ 2018ರಲ್ಲಿ ಸರಕಾರ ಇಂಥ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ಕೆಲವು ಬೆಳ್ಳಗಾಗುವ ಕ್ರೀಮುಗಳಲ್ಲಿ ಪಾದರಸವೂ ಸಿಕ್ಕಿದೆ. ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ.

ನನ್ನ ಹತ್ತಿರ ಬ್ಲೌಸಿಗೆ ಬರುತ್ತಿದ್ದ ಒಂದು ಹುಡುಗಿ ಹೀಗೆಯೇ ಹಚ್ಚಿಕೊಂಡು ಬಿಸಿಲಿಗೆ ಬರಲಾರದ ಹಾಗಾದಳು. ಕೆನ್ನೆ ಮುಟ್ಟಿದರೆ ಸುಟ್ಟ ಹಾಗೆ ಕೈ ಹಿಂದೆಗೆಯುತ್ತಿದ್ದಳು. ಆಕೆಯ ಮುಖ ಕಣ್ಣಮುಂದೆ ಬಂದು ನನ್ನ ದನಿ ಏರಿತು.

“ಇದನ್ನ ಕಸದಾಗ ಒಗೀರಿ ವೈನಿ. ಅಂಗಡ್ಯಾವ್ರು ಆಕೀ ಮುಖಾ ನೋಡೇ ಆರಿಸ್ಯಾರ. ಆ ಮುಖಾನ ಅಲ್ಲಿ ಹೋಗ್ಬೇಕು.”

ಬಣ್ಣದ ಈ ಹುಚ್ಚು ತಾನಾಗಿ ಬಂದದ್ದಲ್ಲ, ವೈನಿಯನ್ನು ಬೈದು ಉಪಯೋಗವಿಲ್ಲ. 1975ರಿಂದ ಫೇರ್ ಆ್ಯಂಡ್ ಲವ್ಲಿ ಜಾಹೀರಾತು ನಮ್ಮ ತಾಯಂದಿರಿಗೂ ನಮಗೂ ಒಂದೇ ಕಥೆ ಹೇಳುತ್ತ ಬಂತು: ಕಪ್ಪಿದ್ದರೆ ನೌಕರಿ ಇಲ್ಲ, ವರ ಇಲ್ಲ, ಹಚ್ಚಿಕೊಂಡರೆ ಎರಡೂ ಉಂಟು. ಮೈಬಣ್ಣ ಕಪ್ಪಿರುವವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಕಂಪನಿ ತಾನೇ ಹೆಸರಿನಿಂದ ‘ಫೇರ್’ ತೆಗೆದು ಗ್ಲೋ ಎಂದು ಮಾಡಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಮನಸ್ಸಿನೊಳಗಿನದು ಬದಲಾಗಲು ನಮ್ಮ ಊರಿನ ಬೋರ್ಡುಗಳ ಮೇಲೆ ನಮ್ಮ ಬಣ್ಣದ ಹುಡುಗಿಯರು ಕಾಣಬೇಕು. ವೈನಿಯ ಮಗಳು ಅಲ್ಲಿ ಕಾಣುತ್ತಾಳೆಂಬುದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಎರಡನೇ ಬೇಡದ ತಯಾರಿ ಉಪವಾಸ. ಹುಡುಗಿ ರಾತ್ರಿ ರೊಟ್ಟಿ ಬಿಟ್ಟಿದ್ದಾಳೆಂದು ವೈನಿ ಹೇಳಿದರು. ಬೇಲಿಯ ಮೇಲಿನಿಂದಲೇ ಆಕೆಯನ್ನು ಕೂಗಿ ಕರೆದೆ. 2006ರಲ್ಲಿ ಮ್ಯಾಡ್ರಿಡ್ಡಿನ ಫ್ಯಾಷನ್ ಮೇಳದವರು ದೇಹದ ತೂಕದ ಸೂಚ್ಯಂಕ 18ಕ್ಕಿಂತ ಕಡಿಮೆ ಇರುವ ಮಾಡೆಲ್‌ಗಳನ್ನು ಒಳಗೆ ಬಿಡಲಿಲ್ಲ. 5 ಅಡಿ 4 ಇಂಚು ಎತ್ತರದ ಹುಡುಗಿಗೆ ಅದು ಸುಮಾರು 48 ಕೆಜಿ. ಫ್ರಾನ್ಸ್ ಇನ್ನೂ ಮುಂದೆ ಹೋಗಿ ಮಾಡೆಲ್‌ಗಳಿಗೆ ಡಾಕ್ಟರ ಪ್ರಮಾಣಪತ್ರ ಬೇಕೆಂದಿತು. ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ಕಾಣುವ ಹಾಗೆ ತಿದ್ದಿದ ಜಾಹೀರಾತು ಚಿತ್ರದ ಮೇಲೆ ಹಾಗೆಂದು ಬರೆಯಬೇಕೆಂದು 2017ರ ಅಕ್ಟೋಬರಿನಿಂದ ಕಡ್ಡಾಯ ಮಾಡಿತು. ಊಟ ಬಿಟ್ಟು ಸತ್ತ ಹುಡುಗಿಯರ ಸುದ್ದಿ ಕೇಳಿ ಎಚ್ಚೆತ್ತ ದೇಶಗಳು ಅವು. ಸೀರೆಗೆ ನಿಲ್ಲುವಾಕಿಗೆ ಮೈಯಲ್ಲಿ ಕಸುವು ಬೇಕು. ದೀಪದ ಕಾವಿನಲ್ಲಿ ತಾಸುಗಟ್ಟಲೆ ನಿಂತು, ಸೀರೆ ಬದಲಿಸಿ ಮತ್ತೆ ನಿಲ್ಲಬೇಕು.

“ಕಾಕು, ಹಂಗಾದ್ರ ನಾ ಏನ್ ಮಾಡ್ಲಿ?” ಎಂದಳು.

ಮಾಡುವುದು ಇದೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಕಡಿಮೆ. ಉಪ್ಪು ಹೆಚ್ಚಾದರೆ ಬೆಳಿಗ್ಗೆ ಕಣ್ಣ ಕೆಳಗೆ ಬಾತಿರುತ್ತದೆ. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಹೊಸ ಫೇಶಿಯಲ್, ಬ್ಲೀಚು, ಯಾವುದೂ ಆ ವಾರ ಬೇಡ. ಹುಬ್ಬು ತೀಡಿಸುವುದು, ವ್ಯಾಕ್ಸಿಂಗ್ ಏನಿದ್ದರೂ ಎರಡು ಮೂರು ದಿನ ಮುಂಚೆ, ಕೆಂಪು ಇಳಿಯಲು ಪುರಸೊತ್ತು ಬೇಕಲ್ಲ. ತಲೆಗೆ ಹಿಂದಿನ ದಿನ ಎರೆದುಕೊಂಡರೆ ಕೂದಲು ಜಡೆಗೆ ನಿಲ್ಲುತ್ತದೆ, ಅದೇ ದಿನ ಎರೆದುಕೊಂಡರೆ ಜಾರುತ್ತದೆ. ಉಗುರಿಗೆ ಗಾಢ ಬಣ್ಣ ಬೇಡ, ನಾಲ್ಕು ಬಣ್ಣದ ಸೀರೆಗೂ ಹೊಂದಬೇಕು. ಹೊರಡುವಾಗ ಸಡಿಲು ಬಟ್ಟೆ, ಇಲ್ಲವಾದರೆ ಇಲಾಸ್ಟಿಕ್ಕಿನ ಗೆರೆ ತೋಳ ಮೇಲೆ, ಸೊಂಟದ ಮೇಲೆ ಕೂತಿರುತ್ತದೆ. ದಪ್ಪಗೆ ಸನ್‌ಸ್ಕ್ರೀನ್ ಬಳಿದುಕೊಂಡು ಹೋಗಬಾರದು. ಕೆಲವದರಲ್ಲಿ ಝಿಂಕ್, ಟೈಟಾನಿಯಂ ಇರುತ್ತವೆ, ಫ್ಲ್ಯಾಷ್ ಬಿದ್ದ ಕೂಡಲೇ ಮುಖ ಬೂದಿ ಬಳಿದ ಹಾಗೆ ಬೆಳ್ಳಗೆ ಬರುತ್ತದೆ.

ಆ ಮಧ್ಯಾಹ್ನ ಹುಡುಗಿಯನ್ನು ನಮ್ಮ ಮನೆಗೆ ಕರೆದೆ. ಫೋಟೊಗ್ರಾಫರು ಮೊದಲು ಕೆಲವು ಸಾದಾ ಚಿತ್ರ ಕೇಳಿದ್ದ. ಮುಖಕ್ಕೆ ಏನೂ ಹಚ್ಚದೆ, ಕೂದಲು ಹಿಂದಕ್ಕೆ ಕಟ್ಟಿ, ಮೈಗೆ ಸರಿಹೊಂದುವ ಒಂದೇ ಬಣ್ಣದ ಬಟ್ಟೆ ತೊಟ್ಟು, ಎದುರಿನಿಂದ, ಎರಡೂ ಬದಿಯಿಂದ, ಹಿಂದಿನಿಂದ, ನಕ್ಕದ್ದೊಂದು, ನಗದದ್ದೊಂದು. ಜೊತೆಗೆ ಎತ್ತರ, ಎದೆ, ನಡು, ಸೊಂಟ, ಚಪ್ಪಲಿಯ ಅಳತೆ. ಮಾಡೆಲಿಂಗಿನಲ್ಲಿ ಮೊದಲ ಪರಿಚಯ ಇದರಿಂದಲೇ. ಇದಕ್ಕೆ ಸ್ಟುಡಿಯೊ ಬೇಕಿಲ್ಲ, ಖರ್ಚೂ ಇಲ್ಲ. ನನ್ನ ಹೊಲಿಗೆ ಯಂತ್ರದ ಬದಿಗೆ ಉತ್ತರದ ಕಿಟಕಿ ಇದೆ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಶ್ರಾವಣದ ಮೋಡ ಬೇರೆ ಕವಿದಿತ್ತು, ಬೆಳಗಾವಿಯ ಮಳೆಗಾಲದ ಆ ಬೂದುಬೆಳಕಿಗಿಂತ ಒಳ್ಳೆಯ ಬೆಳಕು ಮುಖಕ್ಕೆ ಸಿಗಲಾರದು. ಸುಣ್ಣದ ಗೋಡೆಗೆ ಒಂದು ಮಾರು ಮುಂದೆ ನಿಲ್ಲಿಸಿದೆ, ನೆರಳು ಗೋಡೆಗೆ ಅಂಟಬಾರದೆಂದು. ಕಿಟಕಿಯ ಎದುರು ಬದಿಗೆ ವೈನಿ ಬಿಳಿ ಥರ್ಮೊಕೋಲ್ ಹಾಳೆ ಹಿಡಿದು ನಿಂತರು. ಹಾಳೆ ಹತ್ತಿರ ಬಂದಂತೆ ಹುಡುಗಿಯ ಎಡಗೆನ್ನೆಯ ಕತ್ತಲು ಕರಗಿದ್ದನ್ನು ನೋಡಿ ವೈನಿ “ಅಯ್ಯ!” ಎಂದು ಹಾಳೆಯನ್ನು ಮುಂದೆ ಹಿಂದೆ ಸರಿಸಿ ಸರಿಸಿ ನೋಡಿದರು.

ಮೊದಲ ಚಿತ್ರಗಳಲ್ಲಿ ಹುಡುಗಿ ಗುರುತಿನ ಚೀಟಿಯ ಫೋಟೊದ ಹಾಗೆ ಬಿಗಿದಿದ್ದಳು. ಭುಜ ಕಿವಿಯ ಹತ್ತಿರ, ಉಸಿರು ಒಳಗೆ. ಮೈಭಾರವನ್ನು ಹಿಂದಿನ ಕಾಲಿನ ಮೇಲೆ ಬಿಡು, ಮುಂದಿನ ಮಂಡಿ ಸ್ವಲ್ಪ ಸಡಿಲ ಮಾಡು, ಗದ್ದ ಎತ್ತಬೇಡ, ಹಣೆಯನ್ನೇ ಕ್ಯಾಮರಾದ ಕಡೆ ತುಸು ತಾ ಅಂದೆ. ಕಣ್ಣು ಮುಚ್ಚಿಸಿ, ಉಸಿರು ಬಿಡುತ್ತ ತೆರೆಯಲು ಹೇಳಿದೆ. ಆಗ ಬಂದ ಚಿತ್ರ ನೋಡಿ ತಾಯಿ ಮಗಳು ಇಬ್ಬರೂ ಮಾತಾಡಲಿಲ್ಲ. ಏನೂ ಹಚ್ಚದ ಮುಖ. ಗೋಧಿಬಣ್ಣಕ್ಕಿಂತ ಒಂದು ಕೈ ಹೆಚ್ಚಿನ ಕಪ್ಪು, ಬಲಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಬಿದ್ದ ಗೀರು. ಅದೇ ಚಿತ್ರ ಕಳಿಸಿದೆವು.

ಸಂಜೆ ಕೆಲಸ ಮುಗಿಸಿ ಬಂದ ಅಣ್ಣಾರಿಗೆ ಫೌಂಡೇಶನ್ನಿನ ಮಾತು ಬಿತ್ತು. ಅವರು ಈ ಶೂಟಿನ ಬಗ್ಗೆ ಅಷ್ಟು ದಿನ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಮೇಕಪ್ಪಿನ ಬಣ್ಣವನ್ನು ಮುಂಗೈ ಮೇಲೆ ಹಚ್ಚಿ ಟ್ಯೂಬ್‌ಲೈಟಿನ ಕೆಳಗೆ ಆರಿಸುತ್ತಾರೆಂದು ನಾನು ಹೇಳಿದೆನೋ ಇಲ್ಲವೋ, ಅವರಿಗೆ ಸಿಟ್ಟೇ ಬಂತು. “ಅದೆಂಗ ಕೂಡತೈತ್ರಿ? ಬಂಪರ್ ಒಂದ ಬಣ್ಣ, ಬಾನೆಟ್ ಒಂದ ಬಣ್ಣ ಆದ್ರ ಗಿರಾಕಿ ಬಿಡ್ತಾನೇನು? ನಾವ್ ಶೇಡ್ ಕೂಡ್ಸೂದು ಹೊರಗ, ಹಗಲ ಬೆಳಕಿನ್ಯಾಗ. ಟ್ಯೂಬ್‌ಲೈಟ್ ಮೋಸ ಮಾಡ್ತೈತಿ.” ಅದೇ ಸರಿಯಾದ ಮಾತು. ಮುಖ, ಕುತ್ತಿಗೆ, ಎದೆಯ ಮೇಲ್ಭಾಗ ಮೂರೂ ಒಂದೇ ಬಣ್ಣ ಕಾಣಬೇಕು. ಆರಿಸುವಾಗ ದವಡೆಯ ಅಂಚಿಗೆ ಹಚ್ಚಿ ಹಗಲಿನಲ್ಲಿ ನೋಡಬೇಕು. ಮಗಳ ಮುಖಕ್ಕೆ ಎರಡು ಶೇಡ್ ತಿಳಿ ಬಣ್ಣ ಹಚ್ಚಿದರೆ ಒಪ್ಪಬೇಡ ಎಂದು ತಂದೆಯೇ ಹೇಳಿದರು. ಆ ಮಾತು ಹುಡುಗಿಗೆ ನಾನು ಹೇಳಿದ್ದೆಲ್ಲಕ್ಕಿಂತ ಹೆಚ್ಚು ತಾಕಿತು.

ಇನ್ನು ಸೀರೆ. ಇಲ್ಲಿ ನನಗೆ ಮಾತು ನಿಲ್ಲುವುದಿಲ್ಲ. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹತ್ತಿಯಾದರೂ ಸೆರಗು ರೇಷ್ಮೆ, ಕೆಂಪಿನ ಮೇಲೆ ಬಿಳಿಯ ತೋಪ ತೆನಿ. ಫೋಟೊದಲ್ಲಿ ಈ ತೆನಿ ಕಾಣದಿದ್ದರೆ ಅದು ಇಳಕಲ್ ಎಂದು ಯಾರು ಹೇಳಬೇಕು? ಆದರೂ ಎಷ್ಟೋ ಶೂಟುಗಳಲ್ಲಿ ಸೆರಗನ್ನು ಸಣ್ಣ ನೆರಿಗೆ ಮಾಡಿ ಭುಜಕ್ಕೆ ಪಿನ್ನು ಹೊಡೆದುಬಿಡುತ್ತಾರೆ. ನೇಕಾರನ ಅಷ್ಟು ಕೆಲಸ ಮಡಿಕೆಯೊಳಗೆ ಹೋಗುತ್ತದೆ. ಬಿಡಿ ಸೆರಗು ತೋಳ ಮೇಲೆ ಇಳಿಯಬೇಕು, ದಡಿಯ ಚಿಕ್ಕಿ ಪರಾಸವೋ ಗೋಮಿಯೋ ಕಾಣುವ ಹಾಗೆ ಅಂಚು ಹೊರಗೆ ತಿರುಗಬೇಕು. ಕಸೂತಿ ಇದ್ದ ಸೀರೆಯಾದರೆ ಹತ್ತಿರದ ಒಂದು ಚಿತ್ರ ಬೇಕೇ ಬೇಕು. ಗವಂತಿ, ಮುರ್ಗಿ ಹೊಲಿಗೆಗೆ ಗಂಟಿಲ್ಲ, ಎರಡೂ ಬದಿ ಒಂದೇ ಥರ ಕಾಣುತ್ತದೆ. ಹುಡುಗಿ ಸೆರಗಿನ ತುದಿಯನ್ನು ಬೆರಳಲ್ಲಿ ಮಡಚಿ ಹಿಡಿದರೆ ಆ ಚಂದ ತಾನೇ ಮಾತಾಡುತ್ತದೆ. ಶಹಾಪುರ, ವಡಗಾವಿ, ಖಾಸಬಾಗಿನ ಮಗ್ಗದ ಮನೆಗಳವರು ಈ ಬೋರ್ಡನ್ನು ದಾರಿಯಲ್ಲಿ ನಿಂತು ನೋಡುತ್ತಾರೆ. ಅವರ ಕೆಲಸ ಅವರಿಗೆ ಕಾಣಬೇಕು.

ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದು ನನ್ನ ಪಾಲಿಗೆ ಬಂತು. ಖಣ ಬೆಳಕಿನತ್ತ ತಿರುಗಿದಾಗ ಒಂದು ಬಣ್ಣ, ಬದಿಗೆ ತಿರುಗಿದಾಗ ಒಂದು ಬಣ್ಣ ತೋರಿಸುತ್ತದೆ. ನೇರ ಫ್ಲ್ಯಾಷ್ ಹೊಡೆದರೆ ಆ ಹೊಳಪೆಲ್ಲ ಸುಟ್ಟು ಬಿಳಿಯಾಗಿಬಿಡುತ್ತದೆ, ಬೆಳಕು ಬದಿಯಿಂದ ಬರಬೇಕೆಂದು ಫೋಟೊಗ್ರಾಫರಿಗೆ ಮೊದಲೇ ಹೇಳಿಟ್ಟೆ. ಕುಪ್ಪಸವನ್ನು ಹುಡುಗಿ ಎರಡು ದಿನ ಮುಂಚೆಯೇ ತೊಟ್ಟು, ಕೈ ಎತ್ತಿ, ಕೂತು, ಬಗ್ಗಿ ನೋಡಬೇಕು. ಒಳಗೆ ಮೈಬಣ್ಣದ, ಹೊಲಿಗೆ ಕಾಣದ ಒಳಉಡುಪು.

ಜಾಗದ ಬಗ್ಗೆ ಸ್ವಲ್ಪ ಎಳೆದಾಟ ಆಯಿತು. ಅಂಗಡಿಯವರಿಗೆ ಕೋಟೆಯೊಳಗಿನ ಕಮಲ ಬಸದಿ ಬೇಕಿತ್ತು. ರಟ್ಟರ ಕಾಲದ, 1204ರ ಬಸದಿ. ಮೇಲ್ಛಾವಣಿಯಲ್ಲಿ ಇಳಿಬಿಟ್ಟ ಕಲ್ಲಿನ ಕಮಲ. ಆಸೆಪಡುವಂಥ ಜಾಗವೇ. ಆದರೆ ಸಂರಕ್ಷಿತ ಸ್ಮಾರಕದಲ್ಲಿ ವ್ಯಾಪಾರದ ಫೋಟೊ ತೆಗೆಯಲು ಪುರಾತತ್ವ ಇಲಾಖೆಯ ಪರವಾನಗಿ ಬೇಕು. ಬೇಡವೆಂದು ಹೇಳಿದ್ದು ಒಳ್ಳೆಯದಾಯಿತು. ಶಹಾಪುರದ ಹಳೆಯ ಮನೆಯೊಂದರ ಪಡಸಾಲೆ ಗೊತ್ತಾಗಿದೆ, ಕಟ್ಟಿಗೆಯ ಕಂಬ, ಒಳಗೆ ಬಾಗಿಲಿಗೆ ಚಿಲಕವಿರುವ ಕೋಣೆ. ಬಟ್ಟೆ ಬದಲಿಸಲು ಚಿಲಕದ ಕೋಣೆ ಇಲ್ಲದ ಜಾಗಕ್ಕೆ ನಾನು ಯಾವ ಹುಡುಗಿಯನ್ನೂ ಕರೆದೊಯ್ಯುವುದಿಲ್ಲ. ಆ ಕೋಣೆಯೊಳಗೆ ಯಾರ ಮೊಬೈಲೂ ಬರಬಾರದು. ಮನೆಯವರೊಬ್ಬರು ಜೊತೆಗಿರಬೇಕು, ಅದಕ್ಕೆ ಬೇಡ ಅನ್ನುವವರ ಕೆಲಸವೇ ಬೇಡ.

ಕಡೆಗೆ ರೊಕ್ಕದ ಮಾತು. ವೈನಿ ಸಂಕೋಚದಿಂದ ಕೇಳಿದರು: “ನಾವs ಏನರ ಕಟ್ಟಬೇಕೇನ್ರಿ? ಮೊಬೈಲಿನ್ಯಾಗ ಒಬ್ಬಾಂವ ಪೋರ್ಟ್‌ಫೋಲಿಯೊ ಮಾಡಸ್ರಿ, ರಜಿಸ್ಟ್ರೇಶನ್ ತುಂಬ್ರಿ, ಮುಂಬೈದಾಗ ಕೆಲಸಾ ಕೊಡಸ್ತೀನಿ ಅಂತ ಬರದಾನ.”

“ಒಂದ ರೂಪಾಯಿ ಕೊಡಬ್ಯಾಡ್ರಿ. ಕೆಲಸಾ ಕೊಡಾಂವ ರೊಕ್ಕಾ ಕೊಡ್ತಾನ, ಇಸ್ಕೊಳ್ಳೂದಿಲ್ಲ.” ಹಾಗೆ ಕಟ್ಟಿ ಕಳಕೊಂಡವರಿದ್ದಾರೆ. ಕಳಕೊಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದರೆ ಹಣ ತಡೆಯುವ ಸಾಧ್ಯತೆ ಇದೆ, ತಡಮಾಡಿದಷ್ಟೂ ಕಷ್ಟ. ಅಳತೆಯ ನೆಪದಲ್ಲಿ ಕಡಿಮೆ ಬಟ್ಟೆಯ ಫೋಟೊ ಕಳಿಸು ಎನ್ನುವವನಿಗೆ ಉತ್ತರವನ್ನೇ ಕೊಡಬಾರದು.

ಅಂಗಡಿಯವರೊಂದಿಗೂ ಬಾಯಿಮಾತಿನ ವ್ಯವಹಾರ ಬೇಡವೆಂದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಆ ಫೋಟೊದ ಮೊದಲ ಒಡೆಯರು. ಮುಖ ಹುಡುಗಿಯದು, ಚಿತ್ರ ಅಂಗಡಿಯದು. ಆದ್ದರಿಂದ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಮಾಡಬೇಕು: ಈ ಚಿತ್ರ ಎಲ್ಲೆಲ್ಲಿ ಬರುತ್ತದೆ, ರಸ್ತೆಯ ಬೋರ್ಡಿಗೋ, ಪೇಪರಿಗೋ, ಮೊಬೈಲಿಗೋ, ಎಷ್ಟು ತಿಂಗಳ ತನಕ, ಬೇರೆ ಕಂಪನಿಗೆ ಕೊಡುವ ಹಾಗಿಲ್ಲ, ಎಷ್ಟು ತಾಸು ಕೆಲಸ, ಎಷ್ಟು ಹಣ, ಯಾವ ದಿನ ಕೈಗೆ. ಹದಿನೆಂಟು ತುಂಬದವರಾದರೆ ತಂದೆ-ತಾಯಿಯ ಸಹಿ ಬೇಕಾಗುತ್ತಿತ್ತು, ಈಕೆಗೆ ವಯಸ್ಸಾಗಿದೆ, ತಾನೇ ಓದಿ ತಾನೇ ಸಹಿ ಮಾಡಬೇಕು. ಬಿ.ಕಾಂ. ಓದುವಾಕಿಗೆ ಕರಾರುಪತ್ರ ನಾನು ಹೇಳಿಕೊಡಬೇಕಿಲ್ಲ. ಪೆನ್ನು ಹಿಡಿದು ಕೂತು ಅವಳೇ ಬರೆದಳು. ಕೊನೆಗೆ ನನ್ನನ್ನು ಕೇಳದೆ ಇನ್ನೊಂದು ಸಾಲು ಸೇರಿಸಿದಳು: ಚಿತ್ರವನ್ನು ತಿದ್ದುವಾಗ ಮೈಬಣ್ಣ ತಿಳಿ ಮಾಡಬಾರದು, ಕೆನ್ನೆಯ ಗೀರು ಅಳಿಸಬಾರದು.

ವೈನಿಗೆ ಗಾಬರಿ. “ಇಷ್ಟೆಲ್ಲಾ ಬರದ್ರ ಅವ್ರು ಬ್ಯಾಡ ಅಂದ್ರ?”

“ಅನ್ನಲಿ ಬಿಡವ್ವಾ,” ಅಂದಳು ಮಗಳು.

ಅಂಗಡಿಯವರು ಬೇಡ ಅನ್ನಲಿಲ್ಲ. ಹಾಳೆ ಓದಿ, ಆರು ತಿಂಗಳು ಎಂದಿದ್ದನ್ನು ಒಂದು ವರ್ಷ ಮಾಡಿ ಎಂದು ಕೇಳಿದರು, ಹಾಗಾದರೆ ಹಣ ಇಷ್ಟು ಹೆಚ್ಚು ಎಂದು ಹುಡುಗಿ ಹೇಳಿದಳು, ಒಪ್ಪಿದರು. ಬರುವ ಸೋಮವಾರ ಶೂಟು. ಕುಪ್ಪಸದ ತೋಳು ಇನ್ನೂ ಕಾಲು ಇಂಚು ಒಳಗೆ ಹಿಡಿಯಬೇಕು, ಹುಕ್ಕು ಹಚ್ಚುವುದಿದೆ. ವೈನಿ ಹೊತ್ತು ಮುಳುಗುವುದರೊಳಗೆ ಒಳಲಂಗ ತಂದುಕೊಡುತ್ತೇನೆಂದು ಹೋಗಿದ್ದಾರೆ, ಅದರ ಉದ್ದ ನೋಡಿದ ಮೇಲೆಯೇ ನಿರಿಗೆಯ ಅಳತೆ ಗೊತ್ತಾಗುವುದು.